ಮಳೆಗಾಲದ ಪಾಠಕ್ಕೆ ಸ್ಪಷ್ಟ ಅಕ್ಷರ ಬೇಕು

ಮಾನ್ಯರೇ,

ಕೊಡಗಿನಲ್ಲಿ ಮಳೆಗೆ ಶಾಲೆಗಳಿಗೆ ರಜೆ ಸಿಕ್ಕಾಗಲೆಲ್ಲ ನಾನು ಪವರ್‌ಪಾಯಿಂಟ್ ಸ್ಲೈಡ್‌ಗಳಿಂದ ವಿಡಿಯೊ ಪಾಠ ಮಾಡಿ ಮಕ್ಕಳ ಮೊಬೈಲ್‌ಗೆ ಕಳುಹಿಸುತ್ತೇನೆ. ಈ ಸಲ ತಲಕಾವೇರಿಯ ಪಾಠ ನೋಡಿದ ಹುಡುಗಿಯೊಬ್ಬಳು, ‘ಟೀಚರ್, ಬ್ರಹ್ಮಗಿರಿಯ ಒತ್ತಕ್ಷರ ಕಾಣುವುದೇ ಇಲ್ಲ’ ಎಂದಳು. ಮನಸ್ಸಿಗೆ ತುಂಬಾ ನೋವಾಯಿತು. ಕಾರಣ ಹುಡುಕಲು ಎರಡು ರಾತ್ರಿ ಹಿಡಿಯಿತು. ಅಗಲದ (16:9) ಸ್ಲೈಡನ್ನು ವಿಡಿಯೊಗೆ ಹಾಕಲು ಚಿತ್ರವಾಗಿ ಉಳಿಸಿದರೆ ಅದು ಸಾಮಾನ್ಯವಾಗಿ 1280×720 ಪಿಕ್ಸೆಲ್ ಅಳತೆಯಲ್ಲಿ ಬರುತ್ತದೆ. ಎಡಿಟಿಂಗ್ ತಂತ್ರಾಂಶ ಅದನ್ನು 1920×1080ಕ್ಕೆ ಹಿಗ್ಗಿಸಿದಾಗ ಅಕ್ಷರ ಮಸುಕಾಗುತ್ತದೆ. ಪವರ್‌ಪಾಯಿಂಟ್‌ನಲ್ಲೇ ಇಡೀ ಕಡತವನ್ನು ಪೂರ್ಣ ಎಚ್‌ಡಿ (1920×1080) ಎಂಪಿ4 ವಿಡಿಯೊ ಆಗಿ ಉಳಿಸಿ, ಉಚಿತವಾಗಿ ಸಿಗುವ ಶಾಟ್‌ಕಟ್ ಎಂಬ ಎಡಿಟಿಂಗ್ ತಂತ್ರಾಂಶಕ್ಕೆ ಹಾಕಿದೆ. ಒತ್ತಕ್ಷರ ತಿಳಿಯಾಗಿ ಮೂಡಿತು, ಅನಿಮೇಷನ್ ಕೂಡ ಉಳಿಯಿತು. ನಾನು ಹೋದ ತರಬೇತಿಗಳಲ್ಲಿ ಸ್ಲೈಡ್ ಮಾಡುವುದನ್ನಷ್ಟೇ ಕಲಿಸಿದರು. ಮುಂದಿನ ಮಳೆಗಾಲಕ್ಕೆ ಮೊದಲು ಶಿಕ್ಷಕರಿಗೆ ಸ್ಲೈಡನ್ನು ವಿಡಿಯೊ ಮಾಡುವ ಈ ಕೆಲಸವನ್ನೂ ಒಂದು ದಿನ ಕೂರಿಸಿ ಹೇಳಿಕೊಡಲಿ.

– ಒಬ್ಬ ಶಿಕ್ಷಕಿ, ಸೋಮವಾರಪೇಟೆ ತಾಲ್ಲೂಕು