ವೀಸಾ ನೋಡಿ ತೆರಿಗೆ ಫಾರ್ಮ್ ತುಂಬಬೇಡಿ

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯಿಂದ ಅಮೆರಿಕಕ್ಕೆ ಓದಲು, ದುಡಿಯಲು ಹೋದ ಮಕ್ಕಳು ತೆರಿಗೆಯಲ್ಲಿ ಎಡವುವುದು ಹೆಚ್ಚಾಗಿ ಒಂದೇ ಕಡೆ. ಅಲ್ಲಿನ ಕಾನೂನಿನ ಪ್ರಕಾರ ತಾವು ನಿವಾಸಿಯೋ ಅನಿವಾಸಿಯೋ ಎಂದು ನೋಡದೆಯೇ ರಿಟರ್ನ್ಸ್ ಸಲ್ಲಿಸಿಬಿಡುತ್ತಾರೆ. ಎಚ್-1ಬಿ ಎಂಬ ಉದ್ಯೋಗ ವೀಸಾ ಸಿಕ್ಕ ದಿನದಿಂದಲೇ ನಿವಾಸಿ, ವಿದ್ಯಾರ್ಥಿ ವೀಸಾ ಇರುವಷ್ಟು ಕಾಲವೂ ಅನಿವಾಸಿ ಎಂಬ ನಂಬಿಕೆ ಬಲವಾಗಿದೆ. ಎರಡೂ ತಪ್ಪು. ಗ್ರೀನ್ ಕಾರ್ಡ್ ಇಲ್ಲದವರಿಗೆ ಇದು ದಿನಗಳ ಲೆಕ್ಕ.

ಈ ವರ್ಷ ಅಲ್ಲಿದ್ದ ಎಲ್ಲ ದಿನ, ಹಿಂದಿನ ವರ್ಷದ ದಿನಗಳಲ್ಲಿ ಮೂರನೇ ಒಂದು ಪಾಲು, ಅದರ ಹಿಂದಿನ ವರ್ಷದ್ದರಲ್ಲಿ ಆರನೇ ಒಂದು ಪಾಲು ಕೂಡಿಸಬೇಕು. ಮೊತ್ತ 183 ಮುಟ್ಟಿ, ಈ ವರ್ಷ ಕನಿಷ್ಠ 31 ದಿನ ಅಲ್ಲಿದ್ದರೆ ನಿವಾಸಿ. ವರ್ಷವೆಂದರೆ ಜನವರಿಯಿಂದ ಡಿಸೆಂಬರ್.

ಎಫ್-1 (ವಿದ್ಯಾರ್ಥಿ ವೀಸಾ) ಇರುವ ವಿದ್ಯಾರ್ಥಿಗೆ ಮೊದಲ ಐದು ಕ್ಯಾಲೆಂಡರ್ ವರ್ಷಗಳ ದಿನಗಳು ಎಣಿಕೆಗೆ ಬರುವುದಿಲ್ಲ. ಆದರೆ ವರ್ಷದಲ್ಲಿ ಒಂದೇ ದಿನ ಅಲ್ಲಿದ್ದರೂ ಆ ಐದರಲ್ಲಿ ಒಂದು ವರ್ಷ ಕಳೆದಂತೆಯೇ. 2021ರ ಆಗಸ್ಟ್‌ನಲ್ಲಿ ಹೋದವರಿಗೆ 2025ಕ್ಕೇ ಐದು ಮುಗಿದವು. 2026ರ ಜನವರಿ 1ರಿಂದ ಎಣಿಕೆ ಶುರು, ಒಪಿಟಿಯಲ್ಲಿ (ಓದಿನ ನಂತರ ವಿದ್ಯಾರ್ಥಿ ವೀಸಾದಲ್ಲೇ ಸಿಗುವ ಕೆಲಸದ ಅವಕಾಶ) ಕೆಲಸ ಮಾಡುತ್ತಿದ್ದರೂ ಸರಿಯೇ. ಜೆ-1 (ವಿನಿಮಯ ವೀಸಾ) ಸಂಶೋಧಕರಿಗೆ ಸಾಮಾನ್ಯವಾಗಿ ಎರಡೇ ವರ್ಷದ ವಿನಾಯಿತಿ. ಎಚ್-1ಬಿಗೆ ವಿನಾಯಿತಿಯೇ ಇಲ್ಲ. ಹಾಗೆಂದು 2023ರಲ್ಲಿ ಓದಲು ಹೋಗಿ 2025ರ ಅಕ್ಟೋಬರ್ 1ಕ್ಕೆ ಎಚ್-1ಬಿಗೆ ಬದಲಾದವರು 2025ಕ್ಕೆ ನಿವಾಸಿಯಾಗುವುದಿಲ್ಲ. ಅವರ ಲೆಕ್ಕಕ್ಕೆ ಸಿಗುವುದು 92 ದಿನ ಮಾತ್ರ.

ಅನಿವಾಸಿ ತುಂಬಬೇಕಾದ ರಿಟರ್ನ್ಸ್ ಫಾರ್ಮ್ 1040-ಎನ್‌ಆರ್. ಜನ ಹೆಚ್ಚು ಬಳಸುವ ಕೆಲವು ಸಾಫ್ಟ್‌ವೇರ್‌ಗಳು ನಿವಾಸಿಗಳ 1040 ಫಾರ್ಮನ್ನಷ್ಟೇ ತಯಾರಿಸುತ್ತವೆ. ಅದರಲ್ಲಿ ಶಿಕ್ಷಣದ ಕ್ರೆಡಿಟ್ (ತೆರಿಗೆ ಕಡಿತ) ಪಡೆದು ಹೆಚ್ಚು ರೀಫಂಡ್ ಬಂತೆಂದು ಸಂತೋಷಪಟ್ಟವರು ಮುಂದೆ ತಿದ್ದುಪಡಿ ಫಾರ್ಮ್ 1040-ಎಕ್ಸ್ ಹಾಕಿ, ಹಣ ಹಿಂತಿರುಗಿಸಿ, ಬಡ್ಡಿಯನ್ನೂ ಕಟ್ಟಬೇಕಾಗುತ್ತದೆ. ನ್ಯಾಯವಾಗಿ ಸಿಗುವುದನ್ನು ಬಿಡುವವರೂ ಇದ್ದಾರೆ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಂತೆ ನಮ್ಮ ವಿದ್ಯಾರ್ಥಿಗಳು ಅನಿವಾಸಿಯಾಗಿದ್ದೂ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. ಅನಿವಾಸಿ ಎಫ್-1 ವಿದ್ಯಾರ್ಥಿಯ ಸಂಬಳದಲ್ಲಿ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಎಂದು 7.65% ಹಿಡಿದಿದ್ದರೆ ಅದನ್ನು ವಾಪಸ್ ಕೊಡುವಂತೆ ಮೊದಲು ಕಂಪನಿಯನ್ನೇ ಕೇಳಬೇಕು. ಕೊಡದಿದ್ದರೆ ಫಾರ್ಮ್ 843 ಮತ್ತು 8316 ತುಂಬಿ ಅಲ್ಲಿನ ತೆರಿಗೆ ಇಲಾಖೆಗೆ ಕಳಿಸಬೇಕು. ಆದಾಯವೇ ಇಲ್ಲದ ವಿದ್ಯಾರ್ಥಿಯೂ ಜೂನ್ 15ರೊಳಗೆ ಫಾರ್ಮ್ 8843 (ದಿನಗಳ ವಿನಾಯಿತಿಯ ಹೇಳಿಕೆ) ಕಳಿಸಬೇಕು.

ಊರಿನಲ್ಲಿರುವ ಅಪ್ಪ-ಅಮ್ಮಂದಿರು ಗಮನಿಸಬೇಕಾದದ್ದು ಮುಂದಿದೆ. ನಮ್ಮಲ್ಲಿ ಉಳಿತಾಯ ಖಾತೆಗೆ ಮಗನ ಅಥವಾ ಮಗಳ ಹೆಸರನ್ನೂ ಸೇರಿಸಿರುತ್ತಾರೆ. ಅವರು ಅಲ್ಲಿ ನಿವಾಸಿಯಾದ ಮೇಲೆ, ಇಲ್ಲಿನ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್, ಅಂದರೆ ಸುಮಾರು ಒಂಬತ್ತು ಲಕ್ಷ ರೂಪಾಯಿ, ದಾಟಿದರೆ ವಿದೇಶಿ ಖಾತೆಗಳ ವಿವರವನ್ನು ಅಮೆರಿಕ ಸರ್ಕಾರಕ್ಕೆ ಕೊಡುವ ಎಫ್‌ಬಿಎಆರ್ ವರದಿ ಕಡ್ಡಾಯ. ಜಂಟಿ ಖಾತೆಯಾದರೆ ಅರ್ಧವಲ್ಲ, ಪೂರ್ತಿ ಮೊತ್ತ ಲೆಕ್ಕಕ್ಕೆ ಬರುತ್ತದೆ. ಅಡಿಕೆ ಮಾರಾಟ ಸಹಕಾರ ಸಂಘ ಮಾಮ್‌ಕೋಸ್‌ನಿಂದಲೋ ಮಂಡಿಯಿಂದಲೋ ಅಡಿಕೆ ಹಣ ಬಂದು ಬಿದ್ದ ವಾರವೇ ಅನೇಕ ಮನೆಗಳಲ್ಲಿ ಈ ಮಿತಿ ದಾಟುತ್ತದೆ. ವರದಿಗೆ ತೆರಿಗೆಯಿಲ್ಲ, ಆದರೆ ಬಿಟ್ಟರೆ ದಂಡ ಭಾರಿ. ತೋಟದ ಆದಾಯಕ್ಕೆ ಇಲ್ಲಿ ಆದಾಯ ತೆರಿಗೆ ಇಲ್ಲ. ಅಲ್ಲಿ ಆ ರಿಯಾಯಿತಿ ಇಲ್ಲ. ಜಮೀನು ಮಕ್ಕಳದಾಗಿದ್ದರೆ, ಖರ್ಚು ಕಳೆದು ಉಳಿದ ಅವರ ಪಾಲನ್ನು ಅಮೆರಿಕದ ರಿಟರ್ನ್ಸ್‌ನಲ್ಲಿ ತೋರಿಸಲೇಬೇಕು. ಪಹಣಿಗೆ ಹೆಸರು ಸೇರಿಸುವ ಮೊದಲು ಇದನ್ನು ಯೋಚಿಸಿ.

ಭಾರತದ ಲೆಕ್ಕ ಬೇರೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ 182 ದಿನ ಇಲ್ಲಿದ್ದವರು ನಿವಾಸಿ. 60 ದಿನ ಇದ್ದರೂ ನಿವಾಸಿಯಾಗಬಹುದಾದ ಇನ್ನೊಂದು ನಿಯಮವೂ ಇದೆ. ಉದ್ಯೋಗಕ್ಕೆ ಹೊರಟವರಿಗೆ ಆ ವರ್ಷ ಅದರಿಂದ ರಿಯಾಯಿತಿ ಉಂಟು, ಓದಲು ಹೊರಟವರು ಮಾತ್ರ ಕೇಳಿ ತಿಳಿದುಕೊಳ್ಳಬೇಕು. ಇಬ್ಬರ ಉಳಿತಾಯ ಖಾತೆಯೂ ಅನಿವಾಸಿ ಭಾರತೀಯರ ಖಾತೆಯಾದ ಎನ್‌ಆರ್‌ಒ ಆಗಬೇಕು. ಅದರ ಬಡ್ಡಿಗೆ 30% ಟಿಡಿಎಸ್ ಜೊತೆಗೆ ಸೆಸ್ ಬೀಳುತ್ತದೆ.

ಶಿಕ್ಷಣ ಸಾಲ ಮಂಜೂರು ಮಾಡುವ ಬ್ಯಾಂಕ್ ಶಾಖೆಗಳು ಇದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಮುದ್ರಿಸಿ ಸಾಲದ ಪತ್ರದೊಂದಿಗೆ ಕೊಡಲಿ ಎಂಬುದು ನಮ್ಮ ಕೋರಿಕೆ. ಮಕ್ಕಳು ಐ-94 (ಅಮೆರಿಕಕ್ಕೆ ಬಂದು ಹೋದ ದಾಖಲೆ) ಪ್ರಯಾಣದ ವಿವರವನ್ನು ಪ್ರತಿ ಡಿಸೆಂಬರ್‌ನಲ್ಲಿ ಇಳಿಸಿಟ್ಟುಕೊಳ್ಳಲಿ. ದಿನ ಎಣಿಸಲು ಅದೇ ಆಧಾರ.

— ತೆರಿಗೆ ಸಲಹೆಗಾರರು, ಶಿವಮೊಗ್ಗ