ನಾವು ಹಿಂದಿರುಗಿದ ಜಾಗಕ್ಕೆ ಆ ಕಡೆಯಿಂದ ಬಂದೆ

ಪ್ರೀತಿಯ ಗೆಳೆಯಾ,

ಕೊನೆಗೂ ಕುಮಾರಪರ್ವತ ದಾಟಿದೆ ಕಣೋ. ಒಬ್ಬನೇ, ಒಂದೇ ಹಗಲಿನಲ್ಲಿ, ಕೊಡಗಿನ ಬೀದಹಳ್ಳಿಯಿಂದ ಕುಕ್ಕೆಗೆ. ಫೋನಿನಲ್ಲೇ ಹೇಳಬಹುದಿತ್ತು. ಅವತ್ತು ಕುಕ್ಕೆ ಕಡೆಯಿಂದ ಹತ್ತಿ, ತುದಿ ಮುಟ್ಟದೆ ನಾವಿಬ್ಬರೂ ಹಿಂದಿರುಗಿದ ಶೇಷಪರ್ವತದ ವಿಷಯಕ್ಕೆ ಬಂದಾಗ ಮಾತು ಹೊರಡಲಿಕ್ಕಿಲ್ಲ ಅನ್ನಿಸಿ ಬರೆಯುತ್ತಿದ್ದೇನೆ.

ಕೊಡಗಿನ ಕಡೆಯಿಂದಲೇ ಯಾಕೆ ಅಂತ ಕೇಳುತ್ತೀಯ. ಆ ಬದಿಯಲ್ಲಿ ತುದಿಗೆ ಮೊದಲು ಕಡಿದಾದ ಬೋಳು ಬಂಡೆಗಳಿವೆಯಲ್ಲ, ಹತ್ತುವಾಗಲಾದರೆ ಬೆರಳಿಗೆ ಸಿಗುವ ಬಿರುಕು ಕಣ್ಣೆದುರೇ ಇರುತ್ತದೆ. ಇಳಿಯುವಾಗ ಕಾಲಿಗೆ ಕಣ್ಣಿಲ್ಲ. ಜೊತೆಗಾರರಿಲ್ಲದವನು ಅವನ್ನು ಹತ್ತಬೇಕೇ ಹೊರತು ಇಳಿಯಬಾರದು. ಆದರೂ ಎರಡನೆಯ ಬಂಡೆಯ ನಡುವೆ ಸುಮಾರು ಹೊತ್ತು ಹಾಗೇ ಅಂಟಿಕೊಂಡು ನಿಂತುಬಿಟ್ಟೆ. 'ಎಡಗಾಲು ಮೇಲಿಡು, ಅಲ್ಲೇ ಹಿಡಿ ಇದೆ' ಅನ್ನಲು ಕೆಳಗೆ ನೀನಿರಲಿಲ್ಲ. ಕಡೆಗೆ ನಾನೇ ಜೋರಾಗಿ ಹೇಳಿಕೊಂಡು ಕಾಲಿಟ್ಟೆ.

ತುದಿ 1712 ಮೀಟರ್. ಅಲ್ಲಿ ಹೆಚ್ಚು ಹೊತ್ತು ಕೂರಲಿಲ್ಲ. ಈಗ ಬೆಟ್ಟದ ಮೇಲೆ ರಾತ್ರಿ ತಂಗುವಂತಿಲ್ಲ, ಕುಕ್ಕೆಗೆ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಇಳಿಯುವುದಿತ್ತು.

ತುದಿಯಿಂದ ಶೇಷಪರ್ವತಕ್ಕೆ ಬರುವಾಗ ನಡುವೆ ಒಂದು ಶೋಲಾ ಕಾಡು, ಹುಲ್ಲುಬೆಟ್ಟದ ಮಡಿಕೆಯಲ್ಲಿ ಬೆಳೆದ ದಟ್ಟ ಕಾಡು. ನಾವು ನೋಡದೇ ಉಳಿದದ್ದು ಅದನ್ನೇ. ಡಿಸೆಂಬರಿನ ಬಿಸಿಲಲ್ಲೂ ಅಲ್ಲಿ ನೆಲ ಒದ್ದೆ, ಪಾಚಿಗಟ್ಟಿದ ಬಂಡೆಯ ಮೇಲೇ ದಾರಿ. ಅಲ್ಲಿ ಜಿನುಗುವ ನೀರೆಲ್ಲ ಕುಮಾರಧಾರೆಗೆ ಸೇರಿ, ಕುಕ್ಕೆ ದಾಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯಾಗುತ್ತದೆ. ಮರದ ಬೇರು ಹಿಡಿದು ಕೂತೇ ಜಾರಿಕೊಂಡು ಇಳಿದೆ. 11 ವರ್ಷದ ಹಿಂದಿನ ಆ ಮಳೆಯಲ್ಲಿ ಇದೇ ಬಂಡೆಯ ಮೇಲೆ ಎಷ್ಟು ನೀರು ಹರಿದಿರಬೇಕು!

ಆಮೇಲೆ ಶೇಷಪರ್ವತದ ಏಣು. ಒಂದು ಬದಿ ಹುಲ್ಲು, ಇನ್ನೊಂದು ಬದಿ ನೆಲವೇ ಇಲ್ಲ, ಬರೀ ಮಂಜು. ಗಾಳಿಗೆ ಮಂಜು ಒಮ್ಮೆ ಹರಿದಾಗ ಕೆಳಗಿನ ಕಾಡು ಪಾಚಿಯ ಹಾಗೆ ಕಂಡು ಮತ್ತೆ ಮುಚ್ಚಿಹೋಯಿತು. ನಾವು ಕೂತು ಇಂಬಳ ಕಿತ್ತ ಕಲ್ಲು ಅಲ್ಲೇ ಇದೆ. ಆ ದಿನ 'ಸಾಕು, ವಾಪಸ್ ಹೋಗೋಣ' ಅಂದವನು ನಾನು. ನೀನು ಏನೂ ಅನ್ನದೆ ಚೀಲ ಹೆಗಲಿಗೇರಿಸಿದೆ. ನಿನ್ನ ಮೊಣಕಾಲು ಹೀಗಾದ ಮೇಲಂತೂ, ನಿನಗೆ ಆ ತುದಿ ತಪ್ಪಿಸಿದವನು ನಾನೇ ಅನ್ನುವುದು ಒಳಗೇ ಕೊರೆಯುತ್ತಿತ್ತು. ಈಗ ಆ ಕಾಡು ದಾಟಿ ಬಂದು ಹೇಳುತ್ತಿದ್ದೇನೆ: ಅವತ್ತು ಮುಂದೆ ಹೋಗಿದ್ದರೆ ಇಬ್ಬರಲ್ಲೊಬ್ಬರು ಬೀಳುತ್ತಿದ್ದೆವು. ಇದು ನಿನಗೆ ಅವತ್ತೇ ಗೊತ್ತಿತ್ತಾ?

ಕಲ್ಲುಮಂಟಪದಲ್ಲಿ ನೀರು ಕುಡಿದು, ಗಿರಿಗದ್ದೆ ಭಟ್ಟರ ಮನೆಯಲ್ಲಿ ಮಜ್ಜಿಗೆ ಕುಡಿದು, ಕುಕ್ಕೆ ಪಕ್ಕದ ದೇವರಗದ್ದೆ ಮುಟ್ಟುವಾಗ ಕತ್ತಲಾಗುತ್ತಿತ್ತು. ಕೊನೆಯ ಕಾಡಿನ ಇಳಿಜಾರಿನಲ್ಲಿ ತೊಡೆ ನಡುಗುತ್ತಿತ್ತು, ಅಷ್ಟೇ.

ಡಾಕ್ಟರು ಒಪ್ಪಿದ ಮೇಲೆ ಗಿರಿಗದ್ದೆವರೆಗೆ ನಿಧಾನಕ್ಕೆ ಹೋಗೋಣ. ಅಲ್ಲಿಂದ ಶೇಷನ ಹೆಡೆ ಪೂರ್ತಿ ಕಾಣುತ್ತದೆ. ನಮ್ಮ ಕಲ್ಲು ಎಲ್ಲಿದೆ ಅಂತ ತೋರಿಸುತ್ತೇನೆ.

ನಿನ್ನವ