ಭಾನುವಾರದ ಮಾತುಕತೆ: ಲಿಯು ಶಿಯಾಬೊ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಚೀನಾದ ಲಿಯು ಶಿಯಾಬೊ ಅವರ ಬಗ್ಗೆ ಮಾತಾಡೋಣ. ಓದಿದವರು ನಾಡಿನ ವಿಷಯಕ್ಕೆ ದನಿ ಎತ್ತಬೇಕಾ ಬೇಡ್ವಾ ಅಂತ ಕಳೆದ ಸಲ ಜೋರು ಚರ್ಚೆ ಆಯ್ತಲ್ಲ, ಅದಕ್ಕೇ ಇವರನ್ನು ಆರಿಸಿದ್ದೇನೆ.

ಇವರು ಬೀಜಿಂಗ್‌ನಲ್ಲಿ ಸಾಹಿತ್ಯದ ಮೇಷ್ಟ್ರಾಗಿದ್ದರು. 1989ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದರು. ಸುಮ್ನೆ ಅಲ್ಲೇ ಇರಬಹುದಿತ್ತು. ಬೀಜಿಂಗ್‌ನಲ್ಲಿ ಪ್ರಜಾಪ್ರಭುತ್ವ ಬೇಕು ಅಂತ ವಿದ್ಯಾರ್ಥಿಗಳು ಬೀದಿಗಿಳಿದದ್ದು ತಿಳಿದು ವಾಪಸ್ ಹೊರಟು ಬಂದರು. ಜೂನ್ 2ರಂದು ಆ ಚಳವಳಿ ನಡೆಯುತ್ತಿದ್ದ ತಿಯಾನನ್ಮೆನ್ ಚೌಕದಲ್ಲಿ ಇನ್ನೂ ಮೂವರ ಜೊತೆ ಉಪವಾಸ ಕೂತರು. ಜೂನ್ 4ರ ನಸುಕಿನಲ್ಲಿ ಸೈನ್ಯ ಸುತ್ತುವರಿದಿತ್ತು. ಈ ನಾಲ್ವರೇ ಮುಂದೆ ನಿಂತು, ಅಲ್ಲಿ ಉಳಿದಿದ್ದ ಹುಡುಗ ಹುಡುಗಿಯರು ಜೀವ ಉಳಿಸಿಕೊಂಡು ಹೊರಗೆ ಹೋಗುವಂತೆ ಮಾಡಿದರು. ಗುಂಪಿನಲ್ಲಿ ಸಿಕ್ಕ ಬಂದೂಕೊಂದನ್ನು, ಹಿಂಸೆ ಬೇಡ ಅಂತ, ಲಿಯು ಕಲ್ಲಿಗೆ ಬಡಿದು ಮುರಿದರು. ನನಗೆ ಈ ಮನುಷ್ಯ ಹತ್ತಿರವಾಗಿದ್ದು ಅಲ್ಲೇ.

ಆಮೇಲೆ ಜೈಲು, ಬರವಣಿಗೆ, ಮತ್ತೆ ಜೈಲು. 2008ರಲ್ಲಿ ಲಿಯು ಇತರರ ಜೊತೆ ಸೇರಿ ಬರೆದ ‘ಚಾರ್ಟರ್ 08’ ಮನವಿಗೆ ಮೊದಲು ಸಹಿ ಹಾಕಿದವರು 303 ಮಂದಿ. ಕೇಳಿದ್ದು ಮಾತಿನ ಸ್ವಾತಂತ್ರ್ಯ, ಚುನಾವಣೆ, ಸ್ವತಂತ್ರ ನ್ಯಾಯಾಲಯ. ಅದು ಹೊರಬರುವ 2 ದಿನ ಮೊದಲೇ ಪೊಲೀಸರು ಲಿಯು ಅವರನ್ನು ಕರೆದೊಯ್ದರು. ಅದಕ್ಕೂ ಕೆಲವು ಲೇಖನಗಳಿಗೂ ಸೇರಿಸಿ 11 ವರ್ಷ ಶಿಕ್ಷೆ! 2010ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಓಸ್ಲೋದಲ್ಲಿ ಖಾಲಿ ಕುರ್ಚಿಯ ಮೇಲೆ ಪದಕ, ಪ್ರಶಸ್ತಿಪತ್ರ ಇಟ್ಟರು. 2017ರಲ್ಲಿ, ಶಿಕ್ಷೆ ಮುಗಿಯುವ ಮೊದಲೇ, ಕ್ಯಾನ್ಸರ್‌ನಿಂದ ತೀರಿಕೊಂಡರು.

ಅವರ ಎಲ್ಲ ನಿಲುವನ್ನೂ ನಾನು ಒಪ್ಪುವುದಿಲ್ಲ. ಇರಾಕ್ ಯುದ್ಧವನ್ನು ಬೆಂಬಲಿಸಿದ್ದರು, ಅದನ್ನೂ ಮಾತಾಡಲೇಬೇಕು ಅಲ್ವಾ? ಚಾರ್ಟರ್ ಓದಿಕೊಂಡು ಬನ್ನಿ, ಜಾಸ್ತಿ ಉದ್ದ ಇಲ್ಲ. ಬರುವವರು ಶನಿವಾರದೊಳಗೆ ಇಲ್ಲೇ ತಿಳಿಸಿ.